ಬೆಂಕಿ ಆರಿದ ಬೆಟ್ಟದಲ್ಲಿ ಬಿಡಾರ

(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಕಾರ್ಯದರ್ಶಿಗಳು ಸೂಚನಾಪತ್ರದಲ್ಲಿ ನನ್ನ ಮಾತಿನ ವಿಷಯವನ್ನು "ಜ್ವಾಲಾಮುಖಿಯ ನಾಡಿನಲ್ಲಿ ಬೆಟ್ಟದ ವಸತಿ" ಎಂದು ಹಾಕಿಬಿಟ್ಟರು. ಅಂದಿನಿಂದ ಡೊಂಬಿವಲಿ, ದಹಿಸರ, ಚೆಂಬೂರುಗಳ ಮಿತ್ರರು ಫೋನು ಮಾಡಿ, ಯಾವ ದೇಶಕ್ಕೆ ಹೋಗಿ ಬಂದಿರಿ, ವಿಮಾನದ ಖರ್ಚು ಎಷ್ಟಾಯಿತು, ಅಲ್ಲಿ ಸಸ್ಯಾಹಾರ ಸಿಕ್ಕುತ್ತದೆಯೆ ಎಂದು ಮುಂತಾಗಿ ವಿಚಾರಿಸುತ್ತಿದ್ದಾರೆ. ಎಲ್ಲರಿಗೂ ಒಟ್ಟಿಗೆ ಉತ್ತರ ಹೇಳಿಬಿಡುತ್ತೇನೆ. ನಾನು ಹೋದದ್ದು ಕರ್ಜತ್ ಲೋಕಲ್ ಗಾಡಿಯಲ್ಲಿ. ಸಸ್ಯಾಹಾರ ಧಾರಾಳವಾಗಿ ಸಿಕ್ಕಿತು. ಜ್ವಾಲಾಮುಖಿಯ ಮಾತು ಮಾತ್ರ ಸುಳ್ಳಲ್ಲ. ಈ ಸಭಾಭವನದ ಅಡಿಪಾಯವೂ ಬಹುಶಃ ಅದರ ಮೇಲೆಯೇ ನಿಂತಿದೆ.

ಭೂಮಿಯ ಚರಿತ್ರೆಯನ್ನು ಬಲ್ಲವರ ಲೆಕ್ಕ ಹೀಗಿದೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಈ ಸೀಮೆಯ ನೆಲ ಬಿರಿಯಿತು. ಮಕ್ಕಳ ಪುಸ್ತಕದ ಚಿತ್ರದಲ್ಲಿರುವಂತೆ ಚೂಪಾದ ಒಂದು ಬೆಟ್ಟ, ತುದಿಯಲ್ಲಿ ಹೊಗೆ ಎಂದು ತಿಳಿಯಬೇಡಿ. ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಡುವುದನ್ನು ಕಂಡವರು ಇಲ್ಲಿ ಅನೇಕರಿದ್ದೀರಿ. ಹಾಗೆ ಉದ್ದುದ್ದವಾಗಿ ನೆಲ ಸೀಳಿ, ಆ ಸೀಳುಗಳಿಂದ ಶಿಲಾರಸ ಉಕ್ಕಿ ಸುತ್ತಲೂ ಹರಡಿತು. ಒಂದು ಹರವು ಆರಿ ಕಲ್ಲಾಯಿತು. ಅದರ ಮೇಲೆ ಇನ್ನೊಂದು ಬಂದಿತು. ನಡುವೆ ಬಿಡುವು ದೊರೆತಲ್ಲಿ ಮೇಲ್ಮೈ ಸವೆದು ಕೆಂಪು ಮಣ್ಣಾಯಿತು, ಅದರ ಮೇಲೆ ಪುನಃ ಬೆಂಕಿ ಹರಿಯಿತು. ಮಾಟುಂಗದ ಹೋಟೆಲುಗಳನ್ನು ಬಲ್ಲ ನಮಗೆ ಬೇರೆ ಉಪಮೆ ಬೇಡ. ಒಂದರ ಮೇಲೊಂದು ಪೇರಿಸಿಟ್ಟ ಸೆಟ್ ದೋಸೆಯನ್ನು ನೆನೆದುಕೊಂಡರೆ ಸಾಕು. ಘಟ್ಟದ ಗೋಡೆಗಳಲ್ಲಿ ಮೆಟ್ಟಿಲುಮೆಟ್ಟಿಲಾಗಿ ಕಾಣುವುದು ಈ ಪದರುಗಳೇ. ಇಂಥ ಕಲ್ಲಿಗೆ 'ಟ್ರಾಪ್' ಎಂಬ ಹೆಸರು ಬಂದದ್ದೂ ಸ್ವೀಡಿಷ್ ಭಾಷೆಯ ಮೆಟ್ಟಿಲು ಎಂಬ ಮಾತಿನಿಂದ. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರು ನೆಲ ಈ ಕಲ್ಲಿನ ಹೊದಿಕೆಯ ಕೆಳಗಿದೆ. ಆ ದೈತ್ಯ ಹಲ್ಲಿಗಳು ಅಳಿದದ್ದು ಈ ಬೆಂಕಿಯಿಂದಲೋ, ಮೆಕ್ಸಿಕೋದಲ್ಲಿ ಬಂದು ಬಡಿದ ಆಕಾಶದ ಬಂಡೆಯಿಂದಲೋ ಎಂಬ ವಾದ ಪಂಡಿತರಲ್ಲಿ ಇನ್ನೂ ನಡೆದಿದೆ. ನಾವು ಅದರಲ್ಲಿ ತಲೆಹಾಕುವುದು ಬೇಡ.

ಅಂಧೇರಿ ಪಶ್ಚಿಮದವರಿಗೆ ಗಿಲ್ಬರ್ಟ್ ಹಿಲ್ ಗೊತ್ತು. ಚಾಳುಗಳೂ ಕಟ್ಟಡಗಳೂ ಮುತ್ತಿಕೊಂಡ ನಡುವೆ ಸುಮಾರು 200 ಅಡಿ ನೆಟ್ಟಗೆ ನಿಂತ ಕರಿಗಲ್ಲಿನ ಕಂಬಗಳ ಗುಡ್ಡ. ಮೇಲೆ ಗಾಂವದೇವಿಯ ಗುಡಿ. ಅದೂ ಈ ಬೆಂಕಿಯ ಸಂತತಿ. ಉಡುಪಿಯ ಕಡೆಯವರು, ಇಂಥ ಕಂಬಗಳು ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದಲ್ಲೂ ಇವೆ ಎಂದು ಎದೆಯುಬ್ಬಿಸಿ ಹೇಳಬಹುದು. ಅವು ಇವಕ್ಕಿಂತ ಹಿರಿಯವು, ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಕಾಲದವು, ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದಿನವು. ಉತ್ತರದ ಜಿಲ್ಲೆಗಳವರಂತೂ ಈ ಕಲ್ಲನ್ನೇ ಉಂಡು ಬೆಳೆದವರು. ಬೆಳಗಾವಿಯ ಉತ್ತರ ಭಾಗ, ವಿಜಾಪುರ, ಕಲಬುರ್ಗಿ, ಬೀದರ, ಇಲ್ಲೆಲ್ಲ ಹರಡಿದ್ದು ಇದೇ ಶಿಲಾರಸ. ಅದು ಕರಗಿ ಎರೆಮಣ್ಣಾಯಿತು, ಎರೆಮಣ್ಣು ಬಿಳಿಜೋಳವಾಯಿತು, ಜೋಳ ರೊಟ್ಟಿಯಾಗಿ ತಾಟಿಗೆ ಬಂತು. 1656ರ ಹೊತ್ತಿಗೆ ಮುಗಿದ ಗೋಲಗುಮ್ಮಟವನ್ನು ಕಟ್ಟಿದ್ದೂ ಈ ಕರಿಗಲ್ಲಿನಿಂದ. 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದು ರಾಜ್ಯಗಳಿಂದ ಆ ಜಿಲ್ಲೆಗಳನ್ನು ಬಿಡಿಸಿ ನಮ್ಮ ರಾಜ್ಯಕ್ಕೆ ಸೇರಿಸಿದರು, ಅದನ್ನೇ ನಾವು ಇಂದು ಹಬ್ಬವಾಗಿ ಆಚರಿಸುತ್ತಿದ್ದೇವೆ. ನೆಲದಡಿಯ ಕಲ್ಲಿಗೆ ಮಾತ್ರ ಆ ಆಜ್ಞೆ ಇನ್ನೂ ತಲುಪಿಲ್ಲ.

ಇಂಥ ಬೆಟ್ಟದಲ್ಲಿ ಬಿಡಾರ ಮಾಡುವುದು ಈಗಿನ ಹವ್ಯಾಸವೆಂದು ಅನೇಕರು ತಿಳಿದಿದ್ದಾರೆ. ಬೋರಿವಲಿಯ ಕಾನ್ಹೇರಿಗೆ ಹೋಗಿ ನೋಡಿ. ಎರಡು ಸಾವಿರ ವರ್ಷಗಳ ಹಿಂದೆಯೇ ಬೌದ್ಧ ಭಿಕ್ಷುಗಳು ಅಲ್ಲಿ ಗುಹೆ ಕೊರೆಯಲು ಪ್ರಾರಂಭಿಸಿ, ಒಂದು ಸಾವಿರ ವರ್ಷ ಅದನ್ನು ಬಿಡದೆ ನಡೆಸಿದರು. ನೂರಕ್ಕೂ ಹೆಚ್ಚು ಗುಹೆಗಳಿವೆ. ಮಲಗಲು ಕಲ್ಲಿನ ಜಗಲಿ, ಕೂಡಲು ಕಲ್ಲಿನ ಪಡಸಾಲೆ. ನಾನು ತಮ್ಮ ಗಮನಕ್ಕೆ ತರಬೇಕೆಂದಿರುವುದು ಬೇರೊಂದು ಸಂಗತಿ. ಗುಹೆಯ ಮಗ್ಗುಲಲ್ಲಿ ನೀರಿನ ತೊಟ್ಟಿ ಕೊರೆದಿದ್ದಾರೆ. ಬಂಡೆಯ ಮೇಲೆ ಬಿದ್ದ ಮಳೆ ಕಾಲುವೆಯಲ್ಲಿ ಹರಿದು ಆ ತೊಟ್ಟಿಗೆ ಇಳಿಯುತ್ತದೆ. ಮನೆ ಮಾಡಿದವನು ಮೊದಲು ನೀರಿನ ಯೋಚನೆ ಮಾಡಿದ್ದಾನೆ. ಕನ್ನಡಿಗರು ಕಾನ್ಹೇರಿಗೆ ಹೋಗಲು ಇನ್ನೊಂದು ಕಾರಣವುಂಟು. ಅಲ್ಲಿಯ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ಕೊಂಕಣವನ್ನಾಳಿದ ಶಿಲಾಹಾರರು ತಮ್ಮ ಒಡೆಯನೆಂದು ರಾಷ್ಟ್ರಕೂಟ ಅಮೋಘವರ್ಷನ ಹೆಸರನ್ನು ಕೆತ್ತಿಸಿದ್ದಾರೆ. ಕವಿರಾಜಮಾರ್ಗ ಹುಟ್ಟಿದ್ದು ಯಾವ ದೊರೆಯ ಆಸ್ಥಾನದಲ್ಲೋ ಅವನ ಹೆಸರು ಬೋರಿವಲಿಯ ಬಂಡೆಯ ಮೇಲಿದೆ! ನಾವು ಈ ಊರಿಗೆ ನಿನ್ನೆ ಮೊನ್ನೆ ಬಂದವರಲ್ಲ ಎಂದು ಯಾರಾದರೂ ಕೇಳಿದಾಗ ತೋರಿಸಬಹುದು.

ಈಗ ನಮ್ಮ ಪ್ರವಾಸದ ಸುದ್ದಿಗೆ ಬರುತ್ತೇನೆ.

ಕರ್ಜತಿನಿಂದ ಕೋಂಡಿವಡೆಯವರೆಗೆ ರಿಕ್ಷಾ ಸಿಕ್ಕುತ್ತದೆ. ಅಲ್ಲಿಂದ ಕಾಡಿನ ದಾರಿ ಹಿಡಿದರೆ ಮೊದಲು ಸಿಕ್ಕುವುದು ಕೋಂಡಾಣೆಯ ಗುಹೆಗಳು. ಅವೂ ಭಿಕ್ಷುಗಳ ಹಳೆಯ ವಾಸಸ್ಥಾನಗಳೇ. ಅದನ್ನು ದಾಟಿ ಕಡಿದಾದ ಏರು ಹತ್ತಿದರೆ ರಾಜಮಾಚಿ. ಶ್ರೀವರ್ಧನ, ಮನರಂಜನ ಎಂಬ ಎರಡು ಕೋಟೆಗಳು, ನಡುವಿನ ತಗ್ಗಿನಲ್ಲಿ ಭೈರವನಾಥನ ಗುಡಿ, ಕೆಳಗೆ ಉಧೇವಾಡಿ ಎಂಬ ಪುಟ್ಟ ಹಳ್ಳಿ. ಶ್ರೀವರ್ಧನದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 3000 ಅಡಿ. ಹತ್ತಲಾರದವರಿಗೆ ಲೋಣಾವಳಾದ ಕಡೆಯಿಂದ ಜೀಪಿನ ದಾರಿ ಇದೆ. ಅದನ್ನು ದಾರಿ ಎಂದು ಕರೆಯುವುದು ಸೌಜನ್ಯದ ಮಾತು. ನಮ್ಮ ತಂಡದ ಹನ್ನೊಂದು ಜನರಲ್ಲಿ ಏಳು ಮಂದಿ ನಸುಕಿನಲ್ಲಿ ಹತ್ತಿದೆವು. ವಿಜಾಪುರದ ಕಡೆಯ ಒಬ್ಬ ಅಜ್ಜಿ ಮತ್ತು ಇನ್ನು ಮೂವರು ಜೀಪಿನಲ್ಲಿ ಬಂದರು. ಜೀಪಿನಿಂದ ಇಳಿದಾಗ ಅಜ್ಜಿ, "ಎತ್ತಿನ ಬಂಡಿ ಇದಕ್ಕಿಂತ ಭೇಷ ಇತ್ತು" ಎಂದು ಮಾತ್ರ ಹೇಳಿದರು.

ಮೇ ತಿಂಗಳ ಕೊನೆಯ ವಾರ. ನಾವು ಇಳಿದುಕೊಂಡದ್ದು ಹಳ್ಳಿಯವರದೇ ಒಂದು ಮನೆ. ಕರಿಗಲ್ಲಿನ ತಳಗಟ್ಟು, ಸಗಣಿ ಸಾರಿಸಿದ ನೆಲ, ಹಂಚಿನ ಮಾಡು. ಪಡಸಾಲೆಯಲ್ಲಿ ಗಂಡಸರಿಗೆ ಚಾಪೆ, ಒಳಕೋಣೆಯಲ್ಲಿ ಹೆಂಗಸರಿಗೆ. ಶೌಚಕ್ಕೆ ಹಿತ್ತಿಲಲ್ಲಿ ಕಟ್ಟಿದ ಕೊಠಡಿ. ಗೋಡೆಗೆ ಬಣ್ಣವಿಲ್ಲ, ಬಾಗಿಲಿಗೆ ನಂಬರಿಲ್ಲ. ಊಟಕ್ಕೆ ಒಲೆಯ ಮುಂದೆಯೇ ಪಂಕ್ತಿ. ಪಿಠಲ, ಬೆಳ್ಳುಳ್ಳಿ ಮೆಣಸಿನಕಾಯಿಯ ಠೇಚಾ, ಅನ್ನ, ಬೇಳೆ, ಅದರ ಜೊತೆಗೆ ನಾಚಣಿಯ ಭಾಕರಿ. ನಾಚಣಿ ಎಂದರೆ ನಮ್ಮ ರಾಗಿ. ತಂಡದಲ್ಲಿದ್ದ ಮಂಡ್ಯದ ಕಡೆಯ ಮಿತ್ರರೊಬ್ಬರು ಮುಂಬಯಿಯಲ್ಲಿ ಮೂವತ್ತು ವರ್ಷದಿಂದ ರಾಗಿಗಾಗಿ ಅಂಗಡಿ ಅಂಗಡಿ ಸುತ್ತಿದವರು; ಅದನ್ನು ಕಂಡು ಅವರಿಗಾದ ಆನಂದವನ್ನು ಬಣ್ಣಿಸಲಾರೆ. ಆದರೆ ಅದು ಮುದ್ದೆಯಾಗದೆ ರೊಟ್ಟಿಯಾದದ್ದು ಅವರಿಗೆ ಸ್ವಲ್ಪ ಅನ್ಯಾಯವೆಂದೇ ತೋರಿತು. ಅಜ್ಜಿಯ ಪಕ್ಷ, ಇದು ರೊಟ್ಟಿ ಹೌದು, ಜೋಳದ್ದಲ್ಲವಾದ್ದರಿಂದ ಅರ್ಧ ಮಾತ್ರ ಹೌದು. ಕರಾವಳಿಯವರಿಗೆ ಅನ್ನವಿತ್ತು, ಅವರು ಈ ತರ್ಕಕ್ಕೆ ಕೈಹಾಕದೆ ಉಂಡರು.

ಮನೆಯಾಕೆಗೆ ನಲವತ್ತೈದರ ಪ್ರಾಯ. ಅಜ್ಜಿ ಒಲೆಯ ಬಳಿ ಕುಳಿತು ಮುಂಬಯಿಯಲ್ಲಿ ಕಲಿತ ಮರಾಠಿಯಲ್ಲಿ ಆಕೆಯೊಡನೆ ಮಾತಿಗೆ ತೊಡಗಿದರು. ಎಷ್ಟು ಮಕ್ಕಳು, ಸೊಸೆ ಎಲ್ಲಿಯವಳು, ಎಮ್ಮೆ ಎಷ್ಟು ಹಾಲು ಕೊಡುತ್ತದೆ, ಇತ್ಯಾದಿ. ಅಷ್ಟರಲ್ಲಿ ಬೆಟ್ಟ ಹತ್ತಿ ಬಂದ ನಮ್ಮ ಹುಡುಗರು ಅಂಗಳದ ಹಂಡೆಯಿಂದ ತಂಬಿಗೆ ತಂಬಿಗೆ ಮೊಗೆದು ಮುಖ ತೊಳೆದರು, ಕಾಲು ತೊಳೆದರು, ಒಬ್ಬರ ಮೇಲೊಬ್ಬರು ಎರಚಿದರು. ಮನೆಯಾಕೆ ಏನೂ ಹೇಳದೆ ಎದ್ದು, ತಲೆಯ ಮೇಲೆ ಸಿಂಬಿ ಇಟ್ಟು, ಎರಡು ಕೊಡ ಹಿಡಿದು ಹೊರಟಳು. ಮೊದಲು ಹೋಗುತ್ತಿದ್ದ ಬಾವಿಯಲ್ಲಿ ಆಗ ತಳದ ಕೆಸರು ಕಾಣುತ್ತಿತ್ತು. ದೂರದ ಒರತೆಗೆ ಹೋಗಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಆಕೆ ಬೆವರುತ್ತ ಹಿಂದಿರುಗಿದಾಗ ಅಜ್ಜಿ ಹುಡುಗರನ್ನು ಕರೆದು, ನಮ್ಮೆಲ್ಲರಿಗೂ ಕೇಳುವಂತೆ ಅಂದರು:

"ಏ ತಮ್ಮಾ, ನೀವು ಮಾರಿ ತೊಳಕೊಳ್ಳೋದ್ರಾಗ ಆಕೀದು ಒಂದು ಖೇಪ ನೀರು ಹೋತು ನೋಡ್ರಿ. ನಮ್ಮ ಊರಾಗ ಬಂದ ಬೀಗರಿಗೆ ಹಾಲು ಕೊಡತಿದ್ವಿ, ನೀರು ಕೊಡಾಗ ಕೈ ನಡಗತಿತ್ತು."

ಆ ಮೇಲೆ ಎರಡು ದಿನ ನಮ್ಮವರಾರೂ ಸ್ನಾನದ ಸುದ್ದಿ ಎತ್ತಲಿಲ್ಲ. ಸಂಜೆ ಹುಡುಗರೇ ಆಕೆಯ ಮಗನ ಜೊತೆ ಒರತೆಗೆ ಹೋಗಿ ಕೊಡ ಹೊತ್ತು ತಂದರು. ದಾರಿಯಲ್ಲಿ ಎಷ್ಟು ಚೆಲ್ಲಿದರೆಂಬುದನ್ನು ಕೇಳಬೇಡಿ.

ಇದರಲ್ಲಿ ಆಶ್ಚರ್ಯದ ಮಾತೊಂದಿದೆ. ವಿಜಾಪುರದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಅಲ್ಲಿ ನೀರಿಗೆ ಕೈ ನಡುಗಿದರೆ ನ್ಯಾಯ. ಲೋಣಾವಳಾದ ಈ ಬೆಟ್ಟಗಳಲ್ಲಾದರೋ 4000 ಮಿಲಿಮೀಟರಿನಷ್ಟು ಸುರಿಯುತ್ತದೆ. ಜುಲೈಯಲ್ಲಿ ಬಂದರೆ ಎಲ್ಲಿ ನೋಡಿದರೂ ಜಲಪಾತ. ಮೇ ತಿಂಗಳಲ್ಲಿ ಬಾವಿ ಬರಿದು. ಕಾರಣ ಆ ಕಲ್ಲೇ. ಬೆಂಕಿಯಿಂದ ಹುಟ್ಟಿದ ಈ ಬಂಡೆ ಬಿಗಿಯಾದದ್ದು; ಸ್ಪಂಜಿನಂತೆ ನೀರು ಹೀರುವುದಿಲ್ಲ. ಬಿರುಕಿದ್ದಲ್ಲಿ, ಗುಳ್ಳೆಗುಳ್ಳೆಯಾಗಿ ಆರಿದ ಪದರಿದ್ದಲ್ಲಿ, ಸ್ವಲ್ಪ ಇಳಿದು ಒರತೆಯಾಗಿ ಹೊರಬೀಳುತ್ತದೆ. ಮಿಕ್ಕ ನೀರು ಕಡಿದಾದ ಇಳಿಜಾರಿನಲ್ಲಿ ಓಡಿ ಹೋಗುತ್ತದೆ. ಭಿಕ್ಷುಗಳು ತೊಟ್ಟಿ ಕೊರೆದದ್ದೂ, ಕೋಟೆ ಕಟ್ಟಿದವರು ಬಂಡೆಯಲ್ಲಿ ನೀರಿನ ಟಾಕಿಗಳನ್ನು ಕೊರೆಸಿದ್ದೂ ಶೋಕಿಗಲ್ಲ.

ಓಡಿ ಹೋದ ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ನೀವು ಕೇಳಬಹುದು. ಬಹುಪಾಲು ಸಮುದ್ರಕ್ಕೆ. ಸ್ವಲ್ಪ ನಮ್ಮ ಮನೆಗೆ. 1892ರಲ್ಲಿ ತಾನಸಾ ಕೆರೆ ಮುಗಿದಂದಿನಿಂದ, ಅನಂತರ ವೈತರಣಾ, ಭಾತಸಾಗಳಿಂದ, ಮುಂಬಯಿ ಈ ಸಹ್ಯಾದ್ರಿಯ ಮಳೆಯನ್ನೇ ಕುಡಿಯುತ್ತ ಬಂದಿದೆ. ಅದೇ ಶಹಾಪುರ ತಾಲೂಕಿನ ಎಷ್ಟೋ ಹಳ್ಳಿಗಳು ಬೇಸಿಗೆ ಬಂತೆಂದರೆ ಟ್ಯಾಂಕರಿನ ದಾರಿ ಕಾಯುತ್ತವೆ. 1915ರಲ್ಲಿ ಟಾಟಾ ಅವರು ಲೋಣಾವಳಾದ ಕೆರೆಗಳ ನೀರನ್ನು ಖೋಪೋಲಿಗೆ ಧುಮುಕಿಸಿ ತೆಗೆದ ವಿದ್ಯುತ್ತಿನಿಂದ ಈ ನಗರದ ಗಿರಣಿಗಳು ತಿರುಗಿದವು. ಆ ಗಿರಣಿಗಳನ್ನು ನಂಬಿ ನಮ್ಮ ಹಿರಿಯರಲ್ಲಿ ಕೆಲವರು ಬಂದರು, ಗಿರಣಿಯವರಿಗೆ ಊಟ ಬಡಿಸಲು ಇನ್ನು ಕೆಲವರು. ಆ ಬೆಟ್ಟದ ಮನೆಯಲ್ಲಿ ನಾವು ಅಪರಿಚಿತ ಅತಿಥಿಗಳಾಗಿರಲಿಲ್ಲ, ಹಳೆಯ ಸಾಲಗಾರರಾಗಿದ್ದೆವು.

ರಾತ್ರಿಯ ವಿಷಯ. ಮೊದಲ ಮಳೆಗೆ ಮುಂಚಿನ ಆ ಎರಡು ಮೂರು ವಾರಗಳಲ್ಲಿ ರಾಜಮಾಚಿಯ ಕಾಡಿನಲ್ಲಿ ಮಿಣುಕುಹುಳುಗಳು ಏಳುತ್ತವೆ. ಮರಾಠಿಯಲ್ಲಿ ಕಾಜವಾ. ಒಂದು ನೇರಳೆ ಮರ ತುದಿಯಿಂದ ಬುಡದವರೆಗೆ ಒಮ್ಮೆಲೆ ಬೆಳಗಿ, ಒಮ್ಮೆಲೆ ಆರಿ, ಅದರ ಎದುರಿನ ಅಳಲೆಯ ಮರ ಉತ್ತರ ಕೊಟ್ಟಂತೆ ಬೆಳಗುವುದನ್ನು ನೋಡುತ್ತ ನಮ್ಮ ಮಕ್ಕಳು ಅರ್ಧ ಗಂಟೆ ಮಾತಾಡದೆ ನಿಂತರು; ತಾಯಂದಿರು ಇದನ್ನೇ ದೊಡ್ಡ ಪವಾಡವೆಂದರು. ಆ ಬೆಳಕು ಗಂಡುಹುಳು ಹೆಣ್ಣನ್ನು ಕರೆಯುವ ಭಾಷೆ. ರೆಕ್ಕೆ ಬಂದ ಮೇಲೆ ಹುಳು ಬದುಕುವುದು ಕೆಲವೇ ವಾರ. ಅಷ್ಟರೊಳಗೆ ಈ ಸಂಭಾಷಣೆ ಮುಗಿಯಬೇಕು. ನಾವು ನಿಂತಿದ್ದಂತೆಯೇ ನಗರದ ಇನ್ನೊಂದು ತಂಡ ನಾಲ್ಕು ಕಾರುಗಳಲ್ಲಿ, ಮುಂದಿನ ದೀಪಗಳನ್ನು ಉರಿಸಿಕೊಂಡು, ಹಾಡು ಹಾಕಿಕೊಂಡು ಬಂತು. ಮರ ಆರಿತು. ಅವರು ಟಾರ್ಚು ಬಿಟ್ಟು, "ಇಲ್ಲೇನೂ ಇಲ್ಲವಲ್ಲ" ಎಂದು ಬೇಸರಪಟ್ಟು ಮುಂದೆ ಹೋದರು. ಹುಲ್ಲಿನಲ್ಲಿ ಕುಳಿತ ಹೆಣ್ಣುಹುಳುಗಳ ಮೇಲೆ ಎಷ್ಟು ಚಕ್ರಗಳು ಹಾದವೊ. ಭಂಡಾರದರಾದ ಕಡೆಯಲ್ಲಂತೂ ಈ ಹುಳುಗಳನ್ನು ನೋಡಲು ಬರುವವರ ಜಾತ್ರೆಯೇ ನೆರೆಯುತ್ತದೆ.

ಮರುದಿನ ಬೆಳಿಗ್ಗೆ ಮಕ್ಕಳು ದಾರಿಯ ಕಡಿತದಲ್ಲಿ ಕಲ್ಲಿನ ಗುಳ್ಳೆಗಳೊಳಗೆ ಬೆಳೆದ ಬಿಳಿಯ ಹರಳುಗಳನ್ನು ಕಂಡರು. ಬೆಂಕಿಯ ಕಲ್ಲಿನಲ್ಲಿ ಸಿಕ್ಕಿಕೊಂಡ ಗಾಳಿಯ ತಾವಿನಲ್ಲಿ ಮುಂದೆ ನೀರು ತಂದು ತುಂಬಿದ ಖನಿಜ ಅದು. ನೋಡಿ ಅಲ್ಲಿಯೇ ಬಿಟ್ಟು ಬಂದರು ಎಂದು ಅವರ ಹೇಳಿಕೆ.

ಮನೆಯಾಕೆಯ ಮಗನ ಸಂಗತಿ ಹೇಳದಿದ್ದರೆ ನನ್ನ ಮಾತು ಅರ್ಧವಾದೀತು. ಆತ ಘಟ್ಟದ ಕೆಳಗಿನ ಒಂದು ಕಾರಖಾನೆಯಲ್ಲಿ ಕೆಲಸಕ್ಕಿದ್ದಾನೆ. ಶನಿವಾರ ರಾತ್ರಿ ಹತ್ತಿ ಬಂದು, ಭಾನುವಾರ ಬಿಡಾರದವರ ವ್ಯವಸ್ಥೆ ನೋಡಿ, ಸೋಮವಾರ ನಸುಕಿನಲ್ಲಿ ಇಳಿಯುತ್ತಾನೆ. ಬರುವವರು ವರ್ಷದಲ್ಲಿ ಇನ್ನು ಮೂರು ತಿಂಗಳು ಬಂದರೆ ಕೆಲಸ ಬಿಟ್ಟು ಊರಲ್ಲೇ ಇರುತ್ತೇನೆ ಎಂದ. ಬಾರದಿದ್ದರೆ? "ಹೆಂಡತಿ ಮಕ್ಕಳನ್ನೂ ಕೆಳಗೆ ಕರೆದೊಯ್ಯಬೇಕು. ಅವ್ವ ಬರುವುದಿಲ್ಲ ಅನ್ನುತ್ತಾಳೆ." ಆ ಮಾತಿಗೆ ಪಡಸಾಲೆಯಲ್ಲಿ ಕುಳಿತ ನಾವಾರೂ ಏನೂ ಹೇಳಲಿಲ್ಲ. ಕಾರ್ಕಳದ ಬಳಿಯ ತಮ್ಮ ಮನೆಗೆ ಬೀಗ ಹಾಕಿ ಬಂದವರೊಬ್ಬರು ಎದ್ದು ಅಂಗಳಕ್ಕೆ ಹೋದರು.

ಹಾಗೆಂದು ಹೆಚ್ಚು ಜನ ಬಂದರೆ ಸರಿಹೋಗುತ್ತದೆಯೆ? ಹೆಚ್ಚು ಜನವೆಂದರೆ ಹೆಚ್ಚು ಕೊಡ. ಹೆಚ್ಚು ಕಾರು, ಕಡಿಮೆ ಹುಳು. ಲೋಣಾವಳಾದ ಸುತ್ತ ಈಗ 'ಇಕೋ' ಎಂಬ ಎರಡಕ್ಷರವನ್ನು ಹಸಿರು ಬಣ್ಣದಲ್ಲಿ ಬರೆದ ಫಲಕಗಳು ಬೇಕಾದಷ್ಟಿವೆ. ಒಂದರೊಳಗೆ ಹೋಗಿ ನೋಡಿದೆ. ಛಾವಣಿಗೆ ಹುಲ್ಲು ಹೊದಿಸಿದ್ದರು, ಅದರ ಕೆಳಗೆ ಕಾಂಕ್ರೀಟು. ಹಿಂದೆ ಈಜುಕೊಳ, ಅದನ್ನು ತುಂಬಲು ದಿನವೂ ಟ್ಯಾಂಕರು. ಕಾಗದದ ಎಲೆಯ ಮೇಲೆ ತುಪ್ಪ ಬಡಿಸಿ ಬಾಳೆಲೆಯ ಊಟ ಎಂದರೆ ನಮ್ಮ ಉಡುಪಿಯ ಹೋಟೆಲಿನವರು ಒಪ್ಪುವರೆ? ಬೆಟ್ಟದ ಬಿಡಾರಕ್ಕೆ ನನ್ನ ಪರೀಕ್ಷೆ ಸರಳ. ನೀರು ಎಲ್ಲಿಂದ ಬರುತ್ತದೆ, ಯಾರು ತರುತ್ತಾರೆ, ಕೊಟ್ಟ ಹಣ ಯಾರ ಸೆರಗಿನ ಗಂಟಿಗೆ ಹೋಗುತ್ತದೆ ಎಂದು ಕೇಳಿ. ಉತ್ತರ ಹೇಳಲು ಮ್ಯಾನೇಜರು ಬೇಕಾದರೆ ಅದು ಬೇರೆ ಜಾತಿಯದು.

ಇದು ಅಸಾಧ್ಯವಾದ ಆದರ್ಶವೇನೂ ಅಲ್ಲ. ಇಥಿಯೋಪಿಯದ ಎತ್ತರದ ನಾಡೂ ನಮ್ಮ ದಖ್ಖನ್ನಿನಂತೆ ಶಿಲಾರಸದ ಪದರುಗಳಿಂದಾದದ್ದು, ವಯಸ್ಸಿನಲ್ಲಿ ಕಿರಿದು, ಸುಮಾರು 3 ಕೋಟಿ ವರ್ಷ. ನಮ್ಮ ರಾಷ್ಟ್ರಕೂಟ ಕೃಷ್ಣನು ಎಂಟನೆಯ ಶತಮಾನದಲ್ಲಿ ಎಲ್ಲೋರದ ಕೈಲಾಸವನ್ನು ಇಂಥ ಬಂಡೆಯಿಂದ ಕಡೆಸಿದಂತೆ ಅಲ್ಲಿಯವರು ಲಾಲಿಬೆಲಾದಲ್ಲಿ ಬಂಡೆಯನ್ನು ಕೊರೆದು ಹನ್ನೊಂದು ಇಗರ್ಜಿಗಳನ್ನು ಮಾಡಿದ್ದಾರೆ. ಆ ಊರಿನ ಸುತ್ತಣ ಬೆಟ್ಟಗಳಲ್ಲಿ, ಈ ಶತಮಾನದ ಆರಂಭದಿಂದ, ಹಳ್ಳಿಗರು ತಾವೇ ಗುಂಡು ಗುಡಿಸಲುಗಳನ್ನು ಕಟ್ಟಿ, ತಾವೇ ಅಡಿಗೆ ಮಾಡಿ ಬಡಿಸಿ, ನಡೆದು ಬರುವವರಿಗೆ ಬಿಡಾರ ಕೊಡುವ ಒಂದು ಏರ್ಪಾಡಿದೆ. ತೆಸ್ಫಾ ಎಂದು ಅದರ ಹೆಸರು, ಅವರ ಮಾತಿನಲ್ಲಿ ಭರವಸೆ ಎಂದರ್ಥ. ನಮ್ಮ ಕೊಡಗು, ಚಿಕ್ಕಮಗಳೂರುಗಳಲ್ಲೂ ಮನೆಗಳು ಅತಿಥಿಗಳಿಗೆ ಬಾಗಿಲು ತೆರೆದಿವೆ. ಕೆಲವು ಒಳ್ಳೆಯವು, ಕೆಲವು ಹೆಸರಿಗೆ ಮನೆ.

ಊರಿನಲ್ಲಿ ಬೀಗ ಹಾಕಿದ ಮನೆ ಉಳ್ಳವರು ಇಲ್ಲಿ ಎಷ್ಟು ಜನ ಇದ್ದೀರೋ, ಕೈಯೆತ್ತಿಸುವುದಿಲ್ಲ. ರಾಜಮಾಚಿಯಿಂದ ಇಳಿಯುವಾಗ ಕಾರ್ಕಳದ ಮಿತ್ರರು ತಮ್ಮ ಮನೆಯ ಬಾವಿಯಲ್ಲಿ ಮೇ ತಿಂಗಳಲ್ಲಿ ನೀರು ಎಷ್ಟು ಆಳದಲ್ಲಿರುತ್ತದೆ ಎಂದು ನೆನಪು ಮಾಡಿಕೊಳ್ಳುತ್ತ ಬಂದರು. ಊರಿನಲ್ಲಿರುವ ತಮ್ಮನಿಗೆ ಫೋನು ಮಾಡಿ ಅಳೆಯಿಸಿದ್ದಾರೆಂದು ಆಮೇಲೆ ತಿಳಿಯಿತು.

ಇನ್ನು ವ್ಯವಹಾರದ ಮಾತು. ಮಳೆ ನಿಂತ ಮೇಲೆ, ಡಿಸೆಂಬರಿನಲ್ಲಿ ಎರಡನೆಯ ತಂಡ ಹೋಗಬೇಕೆಂದು ಗೊತ್ತಾಗಿದೆ. ಆಗ ಬಾವಿಯಲ್ಲಿ ನೀರಿರುತ್ತದೆ, ರಾತ್ರಿ ಚಳಿಯಿರುತ್ತದೆ. ಕಂಬಳಿಯನ್ನು ಮನೆಯಿಂದಲೇ ತರಬೇಕು. ಹನ್ನೆರಡು ಜನಕ್ಕಿಂತ ಹೆಚ್ಚು ಬೇಡವೆಂದು ಮನೆಯಾಕೆಯ ಅಪ್ಪಣೆ. ಪ್ಲಾಸ್ಟಿಕ್ಕಿನ ಬಾಟಲಿ ತಂದವರು ಅದನ್ನು ತಾವೇ ಹೊತ್ತು ಇಳಿಯಬೇಕು. ಅಜ್ಜಿ ತಮ್ಮ ಹೆಸರನ್ನು ಆಗಲೇ ಬರೆಸಿದ್ದಾರೆ. ಜೋಳದ ಹಿಟ್ಟು ಐದು ಸೇರು ತರುವುದಾಗಿ ಹೇಳಿದ್ದಾರೆ. ಉಳಿದ ಹನ್ನೊಂದು ಸ್ಥಾನಗಳಿಗೆ ಚಹದ ವಿರಾಮದಲ್ಲಿ ಕಾರ್ಯದರ್ಶಿಗಳ ಬಳಿ ಹೆಸರು ಕೊಡಬಹುದು.